ಆಡುಂಬೊಲದಲ್ಲಿ ಪಕ್ಷಾಂತರ: ಬೆಲೆ ಮತ್ತು ಋಣ

ಪಕ್ಷಾಂತರವೆಂಬ ಮಾತಿಗೆ ಇಂದು ಒಂದು ಬಗೆಯ ದುರ್ಗಂಧ ಅಂಟಿಕೊಂಡಿದೆ. 1967ರಲ್ಲಿ ಹರಿಯಾಣದ ಶಾಸಕರೊಬ್ಬರು ಹದಿನೈದು ದಿನಗಳೊಳಗೆ ಮೂರು ಸಲ ಪಕ್ಷ ಬದಲಿಸಿ ‘ಆಯಾ ರಾಮ್, ಗಯಾ ರಾಮ್’ ಎಂಬ ನುಡಿಗಟ್ಟಿಗೆ ಕಾರಣರಾದರು. 1985ರಲ್ಲಿ ಸಂವಿಧಾನದ 52ನೆಯ ತಿದ್ದುಪಡಿ ಈ ಚಾಳಿಯನ್ನು ತಡೆಯಲೆಂದು ಬಂದಿತು. 2019ರ ಜುಲೈ ತಿಂಗಳಲ್ಲಿ ರಾಜೀನಾಮೆಯಿತ್ತ ಕರ್ನಾಟಕದ ಶಾಸಕರು ಮುಂಬಯಿಯ ಪೊವಯಿ ಬಡಾವಣೆಯ ಹೋಟೆಲೊಂದರಲ್ಲಿ ತಂಗಿದ್ದ ಸುದ್ದಿಯನ್ನು ಈ ನಗರದ ಕನ್ನಡಿಗರು ಸಂಕೋಚದಿಂದಲೇ ಓದಿದರು. ಆದರೆ ಪಕ್ಷಾಂತರವು ರಾಜಕಾರಣಕ್ಕೆ ಮೀಸಲಾದ ವಿಷಯವೆಂದು ತಿಳಿಯಲಾಗದು. ಅದು ಬಹುಕಾಲದಿಂದ ಕಾವ್ಯದ ವಸ್ತುವಾಗಿದೆ. ಇತ್ತೀಚೆಗೆ ಆಟದ ನಿಯಮವೂ ಆಗಿದೆ. ಮೊಬೈಲ್ ಫೋನನ್ನು ಕೈಯಲ್ಲಿ ಹಿಡಿದು, ನಿಜವಾದ ಬೀದಿಗಳಲ್ಲಿ ನಡೆದಾಡುತ್ತ ಆಡುವ ಕೆಲವು ಆಟಗಳಲ್ಲಿ ಪಕ್ಷವನ್ನು ಆಯುವುದೆಂತು, ಬದಲಿಸುವುದೆಂತು, ಬದಲಿಸಿದವನಿಗೆ ತಗಲುವ ವೆಚ್ಚವೇನು ಎಂಬುದೆಲ್ಲ ವಿಧಿವತ್ತಾಗಿ ಗೊತ್ತಾಗಿದೆ. ಆ ವಿಧಿಗಳನ್ನು ಒಂದು ಕೃತಿಯಂತೆ ಓದಿ, ಪಕ್ಷನಿಷ್ಠೆಯನ್ನು ಕುರಿತು ಕನ್ನಡ ಕಾವ್ಯ ಕಂಡುಕೊಂಡಿರುವ ಸತ್ಯದ ಪಕ್ಕದಲ್ಲಿ ಇಟ್ಟು ಪರ್ಯಾಲೋಚಿಸುವುದು ಈ ಲೇಖನದ ಉದ್ದೇಶ. ಮಕ್ಕಳಾಟವನ್ನು ಮಹಾಕಾವ್ಯದೊಡನೆ ತೂಗುವುದು ಉಚಿತವೇ ಎಂಬ ಸಂದೇಹ ಹುಟ್ಟಬಹುದು. ಭಾರತದ ಯುದ್ಧಕ್ಕೆ ಬೀಜ ಬಿದ್ದುದು ಜೂಜಿನ ಹಾಸಿನ ಮೇಲೆ ಎಂಬುದನ್ನು ನೆನೆದರೆ ಆ ಸಂದೇಹ ಬಹಳ ಹೊತ್ತು ನಿಲ್ಲದು.

ಮೊದಲು ಆಟಗಳ ಪರಿಚಯ ಅವಶ್ಯಕ. ಗೂಗಲ್ ಸಂಸ್ಥೆಯ ಒಳಗೆ ಹುಟ್ಟಿ 2015ರಲ್ಲಿ ಬೇರೆಯಾದ ನಿಯಾಂಟಿಕ್ ಎಂಬ ಕಂಪನಿ 2012ರ ನವೆಂಬರಿನಲ್ಲಿ ‘ಇಂಗ್ರೆಸ್’ ಎಂಬ ಆಟವನ್ನು ಪರೀಕ್ಷಾರ್ಥವಾಗಿ ಹೊರತಂದಿತು. ಊರಿನ ಪ್ರತಿಮೆ, ಗುಡಿ, ಗಡಿಯಾರದ ಗೋಪುರ, ಗೋಡೆಚಿತ್ರ ಮುಂತಾದವು ಅದರಲ್ಲಿ ‘ಪೋರ್ಟಲ್’ಗಳು, ಎಂದರೆ ಬೇರೊಂದು ಲೋಕದ ಶಕ್ತಿ ಹೊರಚಿಮ್ಮುವ ಬಾಗಿಲುಗಳು. ಆ ಶಕ್ತಿ ಮನುಷ್ಯನನ್ನು ಮೇಲಕ್ಕೆತ್ತುವುದೆಂದು ನಂಬುವವರು ಹಸಿರು ಪಕ್ಷ. ಅದು ಅಪಾಯಕರವೆಂದು ಎದುರಿಸುವವರು ನೀಲಿ ಪಕ್ಷ. ಆಟಗಾರನು ಸ್ಥಳಕ್ಕೆ ಸ್ವತಃ ನಡೆದುಹೋಗಿ ಬಾಗಿಲನ್ನು ತನ್ನ ಬಣ್ಣಕ್ಕೆ ತಿರುಗಿಸಬೇಕು. ಮೂರು ಬಾಗಿಲುಗಳನ್ನು ಗೆರೆಗಳಿಂದ ಜೋಡಿಸಿದರೆ ನಡುವಣ ತ್ರಿಕೋನ ಅವನ ಪಕ್ಷದ್ದು. ಆ ತ್ರಿಕೋನದ ಬೆಲೆಯನ್ನು ಅಲ್ಲಿಯ ಜನಸಾಂದ್ರತೆಯಿಂದ ಎಣಿಸಲಾಗುತ್ತದೆ. ಧಾರಾವಿ, ಕುರ್ಲಾ, ದಾದರಗಳಂಥ ಜನನಿಬಿಡ ಪ್ರದೇಶಗಳುಳ್ಳ ನಗರದಲ್ಲಿ ಈ ಎಣಿಕೆಗೆ ಎಷ್ಟು ತೂಕವೆಂಬುದನ್ನು ವಿವರಿಸಬೇಕಾಗಿಲ್ಲ. ತ್ರಿಕೋನದೊಳಗೆ ಬಾಳುವ ಜನರಿಗೆ ಮಾತ್ರ ತಾವು ಯಾರ ಪಕ್ಷಕ್ಕೆ ಸೇರಿದೆವೆಂಬ ಅರಿವೇ ಇರುವುದಿಲ್ಲ.

2016ರ ಜುಲೈಯಲ್ಲಿ ಇದೇ ಕಂಪನಿಯ ‘ಪೋಕೆಮಾನ್ ಗೋ’ ಅಮೆರಿಕ, ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡುಗಳಲ್ಲಿ ಪ್ರಕಟವಾಯಿತು. ಭಾರತದಲ್ಲಿ ವಿಧಿವತ್ತಾಗಿ ದೊರೆಯುವ ಮೊದಲೇ ಮುಂಬಯಿಯ ತರುಣರು ಅನ್ಯಮಾರ್ಗಗಳಿಂದ ಅದನ್ನು ಪಡೆದು ಸಮುದ್ರತೀರಗಳಲ್ಲಿಯೂ ಉದ್ಯಾನಗಳಲ್ಲಿಯೂ ಅಲೆಯತೊಡಗಿದ್ದರು. ಅವರು ಕಂಡ ತಾಣಗಳ ನಕಾಶೆ ಹೊಸತಾಗಿರಲಿಲ್ಲ. ಇಂಗ್ರೆಸ್ ಆಟದ ಹಸಿರು-ನೀಲಿಯ ಕಾಲಾಳುಗಳು ಹಿಂದಿನ ವರ್ಷಗಳಲ್ಲಿ ಸೂಚಿಸಿದ್ದ ಸ್ಥಳಗಳ ಮೇಲೆಯೇ ಹೊಸ ಆಟದ ತಂಗುದಾಣಗಳೂ ‘ಜಿಮ್’ ಎಂಬ ಗರಡಿಗಳೂ ನಿಂತಿದ್ದವು. ಒಂದು ಯುದ್ಧದವರು ನೆಟ್ಟ ಕಲ್ಲುಗಳ ಸುತ್ತ ಇನ್ನೊಂದು ಯುದ್ಧ ನಡೆಯುವುದು ಈ ಪ್ರದೇಶಕ್ಕೆ ಅಪರಿಚಿತವಲ್ಲ. ಬೋರಿವಲಿಯ ಎಕ್ಸರದಲ್ಲಿರುವ, ನೌಕಾಯುದ್ಧವನ್ನು ಕೆತ್ತಿದ ವೀರಗಲ್ಲುಗಳು ಯಾರಿಗಾಗಿ ಮಡಿದವರವು ಎಂಬುದನ್ನು ಅರಿಯದೆಯೇ ಉಪನಗರವು ಅವುಗಳ ಸುತ್ತ ಬೆಳೆಯಿತು.

ಪೋಕೆಮಾನ್ ಆಟದಲ್ಲಿ ಪಕ್ಷಗಳು ಮೂರು: ನೀಲಿಯ ಮಿಸ್ಟಿಕ್, ಕೆಂಪಿನ ವೇಲರ್, ಹಳದಿಯ ಇನ್‌ಸ್ಟಿಂಕ್ಟ್. ಆಟಗಾರನು ಐದನೆಯ ಮಟ್ಟವನ್ನು ಮುಟ್ಟಿದಾಗ ಇವುಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ವಿಮರ್ಶೆಯ ಮೊದಲ ಆಕ್ಷೇಪ ಇಲ್ಲಿಯೇ ಏಳುತ್ತದೆ. ಇಂಗ್ರೆಸ್ ಆಟದ ಪಕ್ಷಗಳ ಹಿಂದೆ, ಕಲ್ಪಿತವೇ ಆಗಲಿ, ಒಂದು ಸಿದ್ಧಾಂತಭೇದವಿದೆ: ಅಪರಿಚಿತ ಶಕ್ತಿಗೆ ಬಾಗಿಲು ತೆರೆಯಬೇಕೇ, ಮುಚ್ಚಬೇಕೇ? ಪೋಕೆಮಾನಿನಲ್ಲಿ ಜ್ಞಾನ, ಶೌರ್ಯ, ಸಹಜಸ್ಫೂರ್ತಿ ಎಂಬ ಮೂರು ಸ್ವಭಾವಗಳ ಹೆಸರಿದೆಯೇ ಹೊರತು ವಾದವಿಲ್ಲ. ಕೆಂಪಿನವನು ಮಾಡುವುದನ್ನೇ ಹಳದಿಯವನೂ ಮಾಡುತ್ತಾನೆ. ಹೀಗಿರಲು ಆಯ್ಕೆಗೆ ಕಾರಣಗಳು ಹೊರಗಿನಿಂದ ಬರುತ್ತವೆ: ಅಣ್ಣ ಆರಿಸಿದ ಬಣ್ಣ, ಕಾಲೇಜಿನ ಗೆಳೆಯರ ಬಣ್ಣ, ಕಣ್ಣಿಗೆ ಒಪ್ಪಿದ ಬಣ್ಣ. ಆದರೂ ಮೊದಲ ಮೂರೂವರೆ ವರ್ಷಗಳ ಕಾಲ ಆ ಆಯ್ಕೆಯನ್ನು ಹಿಂದಕ್ಕೆ ತೆಗೆದುಕೊಳ್ಳುವ ದಾರಿ ಇರಲಿಲ್ಲ. ಅರಿಯದೆ ಮಾಡಿದ ಆಯ್ಕೆ, ಅಳಿಯದೆ ಉಳಿಯುವ ಗುರುತು. ಜಾತಿ ಮತ್ತು ಹುಟ್ಟೂರುಗಳ ವಿಷಯದಲ್ಲಿ ಭಾರತೀಯನಿಗೆ ಪರಿಚಿತವಾದ ಸ್ಥಿತಿಯಿದು.

2020ರ ಫೆಬ್ರುವರಿಯಲ್ಲಿ ಈ ಕಟ್ಟು ಸಡಿಲವಾಯಿತು. ಆಟದೊಳಗಿನ ಅಂಗಡಿಯಲ್ಲಿ ‘ಟೀಮ್ ಮೆಡಾಲಿಯನ್’ ಎಂಬ ಪದಕ ಮಾರಾಟಕ್ಕೆ ಬಂದಿತು. ಅದರ ಕ್ರಯ 1000 ನಾಣ್ಯ. ಒಮ್ಮೆ ಬಳಸಿದವನು 365 ದಿನ ಕಾಯಬೇಕು. ಗರಡಿಯೊಂದರಲ್ಲಿ ತನ್ನ ಪ್ರಾಣಿಯನ್ನು ಕಾವಲಿರಿಸಿದವನಿಗೆ ಹತ್ತು ನಿಮಿಷಕ್ಕೆ ಒಂದರಂತೆ, ದಿನಕ್ಕೆ 50 ನಾಣ್ಯ ಮೀರದಂತೆ ಸಂಬಳ ಸಲ್ಲುತ್ತದೆ. ಲೆಕ್ಕ ಸರಳವಾಗಿದೆ: ಒಂದು ಪಕ್ಷದ ಕಾವಲನ್ನು 20 ದಿನ ಪೂರ್ಣವಾಗಿ ಕಾದವನು ಆ ಸಂಬಳದಿಂದಲೇ ಆ ಪಕ್ಷವನ್ನು ಬಿಟ್ಟುಹೋಗುವ ಅಧಿಕಾರವನ್ನು ಕೊಳ್ಳಬಲ್ಲನು. ಕಾಯುವ ತಾಳ್ಮೆ ಇಲ್ಲದವನಿಗೆ ರೊಕ್ಕ ತೆತ್ತು ನಾಣ್ಯ ಕೊಳ್ಳುವ ಅನುಕೂಲವೂ ಉಂಟು.

ಆಟಗಾರರು ಪಕ್ಷ ಬದಲಿಸುವುದಕ್ಕೆ ಕಾರಣಗಳು ಸಾಮಾನ್ಯವಾಗಿ ಲೌಕಿಕವಾದವು. ಒಂದು ಗರಡಿಯಲ್ಲಿ ಆರು ಪ್ರಾಣಿಗಳಿಗಷ್ಟೆ ಸ್ಥಳ. ವಸತಿಯ ಸುತ್ತಲಿನ ಗರಡಿಗಳೆಲ್ಲ ನೀಲಿಯಾಗಿದ್ದರೆ ಹಳದಿಯವನು ನಿತ್ಯವೂ ಹೋರಾಡಿ ಗೆದ್ದು, ಸಂಜೆಯೊಳಗೆ ಸೋಲಬೇಕು. ಸ್ವಪಕ್ಷದವರು ಹೆಚ್ಚಿದ್ದರೆ ಜಾಗವೇ ಸಿಗದೆ ಹೋಗಬಹುದು. ಅಂಧೇರಿಯಿಂದ ಮೀರಾ ರೋಡಿಗೆ, ಚೆಂಬೂರಿನಿಂದ ಡೊಂಬಿವಲಿಗೆ ಬಿಡಾರ ಬದಲಿಸಿದವನಿಗೆ ಹೊಸ ಗಲ್ಲಿಯ ಬಲಾಬಲ ಹಳೆಯದಕ್ಕಿಂತ ಬೇರೆ. ಸ್ಥಳವು ಬದಲಾದಾಗ ಪಕ್ಷವೂ ಬದಲಾಗಬೇಕೆನಿಸುವುದು ಸಹಜ. ಇನ್ನು ಕೆಲವರು ನಿಯಮಬಾಹಿರವಾಗಿ ಮೂರು ಖಾತೆಗಳನ್ನು ತೆರೆದು ಮೂರು ಬಣ್ಣಗಳನ್ನೂ ಕೈಯಲ್ಲಿಟ್ಟುಕೊಳ್ಳುತ್ತಾರೆ. ತನ್ನ ಒಂದು ಕೈ ಕಟ್ಟಿದುದನ್ನು ಇನ್ನೊಂದು ಕೈಯಿಂದ ಕೆಡವುತ್ತಾರೆ. ಇವರು ಪಕ್ಷಾಂತರಿಗಳಲ್ಲ, ಪಕ್ಷವೆಂಬ ಭಾವವನ್ನೇ ಕಳೆದುಕೊಂಡವರು. ಪಕ್ಷ ಬದಲಿಸುವವನಿಗೆ ತಾನು ಬಿಡುತ್ತಿರುವುದು ಏನೋ ಒಂದು ಎಂಬ ಅರಿವಾದರೂ ಇರುತ್ತದೆ.

ಇಂಗ್ರೆಸ್ ಆಟದ ಹಳೆಯ ಕ್ರಮ ಇದಕ್ಕಿಂತ ಕಠೋರವಾಗಿತ್ತು. ಆರಂಭದ ವರ್ಷಗಳಲ್ಲಿ ಪಕ್ಷ ಬದಲಿಸುವುದೆಂದರೆ ಏರಿದ ಮೆಟ್ಟಿಲುಗಳನ್ನೆಲ್ಲ ಇಳಿದು ಮತ್ತೆ ಮೊದಲನೆಯದರಿಂದ ಹತ್ತುವುದು. ಅಲ್ಲಿ ಪಕ್ಷಾಂತರಿ ತೆರುತ್ತಿದ್ದುದು ತನ್ನ ಪೂರ್ವಚರಿತ್ರೆಯನ್ನು. ಇಲ್ಲಿ ತೆರುವುದು 1000 ನಾಣ್ಯವನ್ನು. ಆದರೆ ಎರಡೂ ವಿಧಾನಗಳು ಒಂದೇ ಪ್ರಶ್ನೆಯನ್ನು ಕೇಳುತ್ತವೆ: ಹೋಗುವವನು ಎಷ್ಟು ಕೊಡಬೇಕು? ಕನ್ನಡ ಕಾವ್ಯ ಕೇಳುವ ಪ್ರಶ್ನೆ ಬೇರೆ: ಹೋಗುವವನು ಏನನ್ನು ಪಡೆದಿದ್ದನು?

ಈ ಭೇದವನ್ನು ಹಳಗನ್ನಡದ ಒಂದು ಪದವೇ ಹಿಡಿದಿಟ್ಟಿದೆ. ಒಡೆಯನು ಇಕ್ಕಿದ ಜೋಳಕ್ಕೆ ಪ್ರಾಣದಿಂದ ಸಲ್ಲುವ ಹೊಣೆಗೆ ‘ಜೋಳವಾಳಿ’ ಎಂದು ಹೆಸರು. ಅದು ಸಂಬಳದ ಲೆಕ್ಕವಲ್ಲ, ಅನ್ನದ ಲೆಕ್ಕ. ಸಂಬಳ ಪ್ರತಿದಿನ ಚುಕ್ತಾ ಆಗುತ್ತದೆ. ಅನ್ನದ ಋಣ ಉಂಡಷ್ಟೂ ಬೆಳೆಯುತ್ತದೆ. ಉಂಡ ಮನೆಯ ಗಳ ಎಣಿಸುವವನನ್ನು ಕನ್ನಡದ ಗಾದೆ ಇಂದಿಗೂ ಕ್ಷಮಿಸಿಲ್ಲ.

10ನೆಯ ಶತಮಾನದಲ್ಲಿ ಪಂಪನು ಈ ಋಣದ ಮೂಲವನ್ನು ಒಂದು ಆಟದ ಹಾಸಿನ ಮೇಲೆಯೇ ತೋರಿಸಿದ್ದಾನೆ ಎಂಬುದು ಪ್ರಸ್ತುತ ವಿಷಯಕ್ಕೆ ಅತ್ಯಂತ ಮುಖ್ಯವಾದ ಸಂಗತಿ. ವಿಕ್ರಮಾರ್ಜುನ ವಿಜಯದಲ್ಲಿ ಕೃಷ್ಣನು ಕರ್ಣನಿಗೆ ಅವನ ಜನ್ಮರಹಸ್ಯವನ್ನು ಹೇಳಿ ಪಾಂಡವರ ಕಡೆಗೆ ಕರೆಯುತ್ತಾನೆ. ಆ ಪಕ್ಷಾಂತರಕ್ಕೆ ಒಡ್ಡಿದ ಬೆಲೆ ಇಡೀ ರಾಜ್ಯ. ಸೋದರರ ಸೇವೆಯೂ ಅದರೊಡನೆ ಸೇರಿದೆ. ಆಗ ಕರ್ಣನ ಮನಸ್ಸಿಗೆ ಬರುವುದು ಅಂಗರಾಜ್ಯದ ಪಟ್ಟಾಭಿಷೇಕಕ್ಕಿಂತ ಸಣ್ಣದಾದ ಒಂದು ಪ್ರಸಂಗ. ಭಾನುಮತಿಯೊಡನೆ ನೆತ್ತವಾಡುವಾಗ ಆಕೆ ಸೋತಳು. ಪಣಕ್ಕಾಗಿ ನಡೆದ ಎಳೆದಾಟದಲ್ಲಿ ಮುತ್ತಿನ ಹಾರ ಹರಿಯಿತು. ಅಲ್ಲಿಗೆ ಬಂದ ದುರ್ಯೋಧನನು ಶಂಕೆಯ ಸುಳಿವಿಲ್ಲದೆ, ಚೆದುರಿದ ಮುತ್ತುಗಳನ್ನು ಆಯ್ದುಕೊಡಲೇ ಎಂದು ಕೇಳಿದನು. ಕರ್ಣನನ್ನು ಕಟ್ಟಿಹಾಕಿದ್ದು ಆ ಒಂದು ಪ್ರಶ್ನೆ. ಆಟವು ಋಣವನ್ನು ಹುಟ್ಟಿಸಲಾರದೆಂಬ ವಾದಕ್ಕೆ ಇದಕ್ಕಿಂತ ಸಮರ್ಪಕವಾದ ಉತ್ತರ ಬೇಕಿಲ್ಲ. ಆಡಿದವರ ನಡುವೆ ವಿಶ್ವಾಸ ಹುಟ್ಟಿತೇ ಇಲ್ಲವೇ ಎಂಬುದಷ್ಟೇ ವಿಚಾರ. ತನ್ನ ಆಶ್ರಯದಾತನಾದ ಅರಿಕೇಸರಿಯನ್ನು ಅರ್ಜುನನಲ್ಲಿ ಕಂಡು ಕಾವ್ಯ ಬರೆದ ಕವಿ ಎದುರು ಪಕ್ಷದ ಕರ್ಣನಿಗೆ ಅಗ್ರಮಾನ್ಯತೆಯನ್ನಿತ್ತಿರುವುದು ಸಹೃದಯರಿಗೆ ವಿದಿತವೇ ಇದೆ. ಐದು ಶತಮಾನಗಳ ತರುವಾಯ ಕುಮಾರವ್ಯಾಸನು ಇದೇ ಸಂದರ್ಭದಲ್ಲಿ ಕರ್ಣನ ಕೊರಳನ್ನು ಬಿಗಿಯಿಸಿ ಕಣ್ಣೀರು ತರಿಸುತ್ತಾನೆ. ಹೋಗದಿರುವುದಕ್ಕೂ ವೆಚ್ಚವುಂಟೆಂಬುದನ್ನು ಆ ಕಣ್ಣೀರು ಹೇಳುತ್ತದೆ. ಪದಕದ ಅಂಗಡಿಯಲ್ಲಿ ಆ ವೆಚ್ಚಕ್ಕೆ ಕ್ರಯಪಟ್ಟಿಯಿಲ್ಲ.

ಭಾರತದಲ್ಲಿಯೇ ಇದಕ್ಕೆ ಪ್ರತಿಯಾದ ಚಿತ್ರವೂ ಇದೆ. ಪಾಂಡವರ ಮಾವನಾದ ಶಲ್ಯನು ಅವರ ನೆರವಿಗೆಂದು ಹೊರಟಿದ್ದನು. ದಾರಿಯುದ್ದಕ್ಕೂ ದುರ್ಯೋಧನನು ಕಟ್ಟಿಸಿದ್ದ ವಿಶ್ರಾಂತಿಗೃಹಗಳ ಸತ್ಕಾರವನ್ನು ಯಾರದೆಂದು ತಿಳಿಯದೆ ಸ್ವೀಕರಿಸಿ, ಕೊನೆಗೆ ಕೌರವಪಕ್ಷಕ್ಕೆ ಮಾತು ಕೊಟ್ಟನು. 2016ರ ಡಿಸೆಂಬರಿನಲ್ಲಿ ಪೋಕೆಮಾನ್ ಆಟ ಭಾರತಕ್ಕೆ ವಿಧಿವತ್ತಾಗಿ ಬಂದಾಗ ರಿಲಯನ್ಸ್ ಜಿಯೋ ಸಂಸ್ಥೆಯೊಡನೆ ಒಪ್ಪಂದವಾಗಿ, ರಿಲಯನ್ಸ್ ಡಿಜಿಟಲ್ ಅಂಗಡಿಗಳು ತಂಗುದಾಣಗಳೂ ಗರಡಿಗಳೂ ಆದವು. ಆಟಗಾರನು ಕೆಂಪೋ ಹಳದಿಯೋ ಎಂದು ಯೋಚಿಸುತ್ತ ನಡೆಯುವಾಗ, ದಾರಿಯ ಛತ್ರಗಳನ್ನು ಕಟ್ಟಿದವರು ಯಾರು ಎಂಬ ಪ್ರಶ್ನೆ ಅವನಿಗೆ ಹೊಳೆಯದೆ ಹೋಗುವುದು ಸುಲಭ. ಇಂಥ ಆಟಗಳ ನಿಜವಾದ ಪಕ್ಷ ಬಣ್ಣಗಳ ಕೆಳಗೆ ಅಡಗಿರುತ್ತದೆ.

ಇಷ್ಟರಿಂದ ಕನ್ನಡ ಕಾವ್ಯವು ಅಚಲನಿಷ್ಠೆಯೊಂದನ್ನೇ ಪೂಜಿಸುತ್ತದೆಂದು ತೀರ್ಮಾನಿಸಿದರೆ ತಪ್ಪಾದೀತು. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಆವರಣದಲ್ಲಿರುವ ಸ್ತಂಭಶಾಸನವು ವೀರಬಲ್ಲಾಳನ ಗರುಡನಾದ ಕುವರ ಲಕ್ಷ್ಮನು ಒಡೆಯನು ಕಾಲವಾದಾಗ ಪತ್ನಿಯೊಡನೆಯೂ ಸಹಚರರೊಡನೆಯೂ ಪ್ರಾಣಾರ್ಪಣೆ ಮಾಡಿದುದನ್ನು ಹೇಳುತ್ತದೆ. ಅದನ್ನು ಓದುವ ಇಂದಿನವನಿಗೆ ಗೌರವದೊಡನೆ ಭಯವೂ ಆಗದಿರದು. ಇನ್ನೊಂದು ಕಡೆ, ಪಂಪನ ತಂದೆ ಅಭಿರಾಮದೇವರಾಯನು ವೈದಿಕ ಮನೆತನದಲ್ಲಿ ಹುಟ್ಟಿ ಜೈನಧರ್ಮವನ್ನು ಸ್ವೀಕರಿಸಿದವನು. ಮಗನು ಇದನ್ನು ಮರೆಮಾಚದೆ ಹೆಮ್ಮೆಯಿಂದಲೇ ಹೇಳಿಕೊಂಡಿದ್ದಾನೆ. ಪಕ್ಷ ಬಿಡದ ಕರ್ಣನನ್ನು ಮೆಚ್ಚಿದ ಕವಿ ಪಕ್ಷ ಬಿಟ್ಟ ತಂದೆಯನ್ನೂ ಮೆಚ್ಚಿದನು. ಇಲ್ಲಿ ವಿರೋಧವಿಲ್ಲ. ವಿಚಾರದಿಂದ ಆದ ಬದಲಾವಣೆಗೂ ಆಮಿಷದಿಂದ ಆಗುವ ಬದಲಾವಣೆಗೂ ಇರುವ ಅಂತರವನ್ನು ಪಂಪ ಬಲ್ಲವನಾಗಿದ್ದನು. ನಾಗಚಂದ್ರನ ರಾಮಾಯಣದಲ್ಲಿ ವಿಭೀಷಣನ ನಡೆ ಧರ್ಮಸಮ್ಮತವೇ ಆದರೂ ಕವಿಯ ಅನುಕಂಪ ರಾವಣನ ಕಡೆಗೆ ವಾಲುತ್ತದೆ: ಸರಿಯಾದ ಪಕ್ಷಕ್ಕೆ ಹೋದವನ ಹಿಂದೆಯೂ ಒಂದು ಮನೆ ಬರಿದಾಗುತ್ತದೆ.

ಇದುವರೆಗಿನದು ಮನುಷ್ಯನು ಪಕ್ಷವನ್ನು ಬದಲಿಸುವ ವಿಚಾರ. ಇಂಗ್ರೆಸ್ ಆಟದಲ್ಲಿ ಇನ್ನೊಂದು ಬಗೆಯ ಪಕ್ಷಾಂತರವಿದೆ. ಮುಂಬಯಿಯ ಕನ್ನಡಿಗನಿಗೆ ಅದು ಹೆಚ್ಚು ಹತ್ತಿರದ್ದು. ‘ಅಡಾ ರಿಫ್ಯಾಕ್ಟರ್’, ‘ಜಾರ್ವಿಸ್ ವೈರಸ್’ ಎಂಬ ಎರಡು ಆಯುಧಗಳಿವೆ. ಒಂದು ಹಸಿರು ಬಾಗಿಲನ್ನು ನೀಲಿಯಾಗಿಸುತ್ತದೆ, ಇನ್ನೊಂದು ನೀಲಿಯನ್ನು ಹಸಿರಾಗಿಸುತ್ತದೆ. ಯುದ್ಧವಿಲ್ಲ, ಕೆಡವುವಿಕೆಯಿಲ್ಲ, ಕಲ್ಲು ನಿಂತಲ್ಲೇ ನಿಂತಿದ್ದು ಬಣ್ಣ ಬದಲಾಗುತ್ತದೆ. 1956ರ ನವೆಂಬರ್ 1ರಂದು ಧಾರವಾಡ, ಬೆಳಗಾವಿ, ವಿಜಾಪುರ ಮತ್ತು ಉತ್ತರ ಕನ್ನಡ ಜಿಲ್ಲೆಗಳು ಮುಂಬಯಿ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಸೇರಿದವು. ಅಂದಿನವರೆಗೆ ಪರೇಲಿನ ಗಿರಣಿಯಲ್ಲಿಯೋ ಕೋಟೆಯ ಕಚೇರಿಯಲ್ಲಿಯೋ ದುಡಿಯುತ್ತಿದ್ದ ಧಾರವಾಡದವನು ತನ್ನ ರಾಜ್ಯದ ರಾಜಧಾನಿಯಲ್ಲಿಯೇ ಇದ್ದನು. ಮರುದಿನ ಬೆಳಗ್ಗೆ ಅದೇ ಮೇಜಿನ ಮುಂದೆ ಹೊರನಾಡಿಗನಾದನು. ಉಡುಪಿಯಿಂದ ಬಂದವನ ಕಥೆ ಬೇರೆ: ಅವನು ಮದರಾಸಿನವನೆಂದು ಬಂದು ಮೈಸೂರಿನವನಾದನು, ಹೊರಗಿನವನಾಗಿಯೇ ಉಳಿದನು. ಕಾಸರಗೋಡು ಕೇರಳದ ಬಣ್ಣ ತಳೆಯಿತು. ಅಕ್ಕಲಕೋಟೆ, ಜತ್ತ, ಸೊಲ್ಲಾಪುರಗಳ ಕನ್ನಡ ಮನೆಗಳು 1960ರ ಮೇ 1ರಂದು ಮಹಾರಾಷ್ಟ್ರದಲ್ಲಿ ಕಣ್ಣು ತೆರೆದವು. 1966ರಲ್ಲಿ ನೇಮಕವಾಗಿ ಮರುವರ್ಷ ವರದಿಯಿತ್ತ ಮಹಾಜನ ಆಯೋಗದ ಗೆರೆಗಳೂ ವಿವಾದವನ್ನು ಮುಗಿಸಲಿಲ್ಲ. ಈ ಜನರಲ್ಲಿ ಯಾರೂ ಪದಕ ಕೊಂಡವರಲ್ಲ, ಯಾರಿಗೂ ಮಾತು ತಪ್ಪಿದವರಲ್ಲ. ಆದರೂ ‘ನೀವು ಯಾವ ಕಡೆಯವರು?’ ಎಂಬ ಪ್ರಶ್ನೆಯನ್ನು ಎರಡೂ ಕಡೆಯವರಿಂದ ಕೇಳಿಸಿಕೊಳ್ಳುವ ಪಾಡು ಅವರದಾಯಿತು.

ಮೂರನೆಯ ಬಗೆಯೊಂದುಂಟು: ಆಡುವವನೂ ಕದಲದೆ, ಸ್ಥಳವೂ ಬಣ್ಣಗೆಡದೆ, ರಣರಂಗದ ಒಡೆತನವೇ ಕೈಬದಲಾಯಿಸುವುದು. 2025ರ ಮಾರ್ಚಿಯಲ್ಲಿ ನಿಯಾಂಟಿಕ್ ತನ್ನ ಆಟಗಳ ವಿಭಾಗವನ್ನು ಸ್ಕೋಪ್ಲಿ ಎಂಬ ಕಂಪನಿಗೆ 350 ಕೋಟಿ ಡಾಲರಿಗೆ ಮಾರುವುದಾಗಿ ಘೋಷಿಸಿತು; ಮೇ ತಿಂಗಳಲ್ಲಿ ವ್ಯವಹಾರ ಪೂರ್ತಿಯಾಯಿತು. ಪೋಕೆಮಾನ್ ಗೋ ಹೊಸ ಒಡೆಯನ ಪಾಲಾಯಿತು. ಇಂಗ್ರೆಸ್ ಹಳೆಯ ಮನೆಯ ಇನ್ನೊಂದು ಕವಲಿನಲ್ಲಿ ಉಳಿಯಿತು. ತನ್ನ ಬಣ್ಣವನ್ನು ಒಂಬತ್ತು ವರ್ಷ ಬಿಡದೆ ಕಾದ ಆಟಗಾರನೂ ಆ ದಿನ ತನಗರಿಯದೆ ಬೇರೊಬ್ಬನ ಆಳಾದನು. ಆಟಗಾರನಿಗೆ 1000 ನಾಣ್ಯ ಮತ್ತು 365 ದಿನಗಳ ಕಟ್ಟು ವಿಧಿಸಿದ ವ್ಯವಸ್ಥೆ ತನಗೆ ಅಂಥ ಕಟ್ಟನ್ನು ವಿಧಿಸಿಕೊಂಡಿಲ್ಲ. ನಿಷ್ಠೆಯು ಕೆಳಗಿನವರ ಧರ್ಮ, ವಿಕ್ರಯವು ಮೇಲಿನವರ ಅನುಕೂಲ ಎಂಬ ಈ ಅಸಮತೆ ಆಟದ ಕೃತಿಯಲ್ಲಿ ಕಾಣುವ ಅತಿ ದೊಡ್ಡ ದೋಷವೆಂದು ಹೇಳದೆ ವಿಧಿಯಿಲ್ಲ. ದುರ್ಯೋಧನನಲ್ಲಿ ಎಷ್ಟೇ ದೋಷಗಳಿರಲಿ, ಕರ್ಣನನ್ನು ಅವನು ಯಾರಿಗೂ ಮಾರಲಿಲ್ಲ.

ದೋಷವನ್ನು ಹೇಳಿದ ಮೇಲೆ ಗುಣವನ್ನೂ ಹೇಳುವುದು ವಿಮರ್ಶೆಯ ಧರ್ಮ. ಪೋಕೆಮಾನ್ ಆಟದ ನಿಯಮಗಳಲ್ಲಿ, ರಚಿಸಿದವರು ಪ್ರಾಯಶಃ ಸೌಕರ್ಯಕ್ಕಾಗಿಯೇ ಇಟ್ಟಿರಬಹುದಾದ ಒಂದು ಅಂಶ ಕಾವ್ಯದ ಅಂಚನ್ನು ಮುಟ್ಟುತ್ತದೆ. ಪದಕವನ್ನು ಬಳಸಿ ಕೆಂಪಿನವನು ನೀಲಿಯಾದಾಗ, ಅವನು ಮೊದಲೇ ಕೆಂಪು ಗರಡಿಯಲ್ಲಿ ಕಾವಲಿರಿಸಿದ್ದ ಪ್ರಾಣಿ ಅವನ ಹಿಂದೆ ಬರುವುದಿಲ್ಲ. ಎದುರಾಳಿಗಳು ಸೋಲಿಸುವವರೆಗೆ ಅದು ಹಳೆಯ ಬಣ್ಣದ ಕೆಳಗೆಯೇ ನಿಂತು ಕಾಯುತ್ತದೆ. ಗರಡಿಯ ಪ್ರಾಣಿಗಳ ಉತ್ಸಾಹ ಹೊತ್ತು ಹೋದಂತೆ ಕುಗ್ಗುತ್ತದೆ. ಹಣ್ಣು ತಿನ್ನಿಸಿ ಅದನ್ನು ಮತ್ತೆ ತುಂಬುವ ಕೆಲಸ ಆ ಪಕ್ಷದವರದು. ಬಿಟ್ಟುಹೋದವನ ಪ್ರಾಣಿಗೆ ಹಳೆಯ ಸಂಗಡಿಗರು ಹಣ್ಣು ಇಡಬಲ್ಲರು. ಲೆಕ್ಕವೆಲ್ಲ ಬೆಲೆಯದಾದ ಈ ಆಟದಲ್ಲಿ ಋಣವು ಹಿಂಬಾಗಿಲಿನಿಂದ ಒಳಬಂದಿರುವ ಸ್ಥಳ ಇದೊಂದೇ.

ವಲಸೆ ಬಂದವನನ್ನು ಪಕ್ಷಾಂತರಿಯೆಂದು ಕರೆಯುವುದು ಸಾಧುವೇ ಎಂಬ ಪ್ರಶ್ನೆಗೆ ಈ ನಿಯಮದಲ್ಲಿ ಒಂದು ಅಳತೆಗೋಲು ದೊರೆಯುತ್ತದೆ. ಮುಂಬಯಿಯ ಅನ್ನವನ್ನು ಉಂಡವನಿಗೆ ಮುಂಬಯಿಯ ಜೋಳವಾಳಿಯೂ ಇದೆ. ಮರಾಠಿಯನ್ನು ಕಲಿತು, ಈ ನಗರಕ್ಕೆ ದುಡಿದು, ಮಕ್ಕಳನ್ನು ಇಲ್ಲಿಯವರನ್ನಾಗಿ ಬೆಳೆಸಿದವನು ಯಾರಿಗೂ ದ್ರೋಹ ಬಗೆದವನಲ್ಲ. ಕೇಳಬೇಕಾದದ್ದು ಇಷ್ಟೆ: ಹಳೆಯ ಗರಡಿಯಲ್ಲಿ ಅವನದಾದದ್ದು ಏನಾದರೂ ನಿಂತಿದೆಯೇ, ಅದಕ್ಕೆ ಹಣ್ಣು ಇಡುವವರು ಇದ್ದಾರೆಯೇ? 1902ರಲ್ಲಿ ಸ್ಥಾಪಿತವಾದ ಮೊಗವೀರ ವ್ಯವಸ್ಥಾಪಕ ಮಂಡಳಿ, 1926ರ ಮೈಸೂರು ಅಸೋಸಿಯೇಷನ್, 1933ರ ಕರ್ನಾಟಕ ಸಂಘ, ಹಗಲು ಹೋಟೆಲಿನಲ್ಲಿ ಲೋಟ ತೊಳೆದ ಹುಡುಗರಿಗೆ ರಾತ್ರಿ ಅಕ್ಷರ ಕಲಿಸಿದ ಕನ್ನಡ ಶಾಲೆಗಳು—ಇವೆಲ್ಲ ಅಂಥ ಉತ್ತರಗಳೇ. ಅವುಗಳನ್ನು ಕಟ್ಟಿದವರು ದಿನವಿಡೀ ಬೇರೊಂದು ಬಣ್ಣದ ಕೆಳಗೆ ದುಡಿದವರು. ಸಂಜೆ ಹಣ್ಣು ತಂದವರು. ಇಂದು ಅವರ ಮೊಮ್ಮಕ್ಕಳು ಲೋಕಲ್ ರೈಲು ನಿಂತ ನಿಮಿಷದಲ್ಲಿ ಫೋನು ತೆಗೆದು ಯಾವುದೋ ಗರಡಿಯ ಬಣ್ಣವನ್ನು ನೋಡುತ್ತಾರೆ. ಅದನ್ನು ಕಂಡು ಹಿರಿಯರು ನಿಟ್ಟುಸಿರಿಡಬೇಕಾಗಿಲ್ಲ. ನೆತ್ತದ ಹಾಸಿನ ಮೇಲೆ ಚೆದುರಿದ ಮುತ್ತುಗಳ ಕಥೆಯನ್ನು ಆ ಮಕ್ಕಳಿಗೆ ಒಮ್ಮೆ ಹೇಳಿದರೆ ಸಾಕು. ಪದಕಕ್ಕೆ 1000 ನಾಣ್ಯವೇಕೆ, ಕರ್ಣನಿಗೆ ಇಡೀ ರಾಜ್ಯವೂ ಏಕೆ ಸಾಲಲಿಲ್ಲ ಎಂಬುದನ್ನು ಅವರೇ ಕೂಡಿಸಿ ನೋಡಿಯಾರು.